ಮಕ್ಕಳ ಹೊಸ ಪುಸ್ತಕ: ಓದಿ, ಓದಿಸಿ, ಆಮೇಲೆ ಬರೆಯಿರಿ

ಭಾನುವಾರ ಬೆಳಿಗ್ಗೆ ನಮ್ಮ ಮನೆ ಜಗುಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಓದಲು ಸೇರುತ್ತಾರೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಒಂದು ಹೊಸ ಕಥೆ ಪುಸ್ತಕ ತಂದಿಟ್ಟಿದ್ದೆ. ನನಗೆ ಅದು ತುಂಬಾ ಇಷ್ಟವಾಗಿತ್ತು. ಹೊಗಳಿ ಒಂದು ಪರಿಚಯ ಬರೆದೂ ಆಗಿತ್ತು. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಅದನ್ನು ಎತ್ತಿಕೊಂಡ. 14ನೇ ಪುಟದವರೆಗೆ ಓದಿದ. ಆಮೇಲೆ ಮೆಲ್ಲಗೆ ಮುಚ್ಚಿಟ್ಟು ಬೇರೆ ಪುಸ್ತಕ ಹಿಡಿದ. ಮುಂದಿನ ವಾರ ಒಬ್ಬಳು ಹುಡುಗಿ ತೆಗೆದುಕೊಂಡಳು. ಅವಳೂ ಹೆಚ್ಚುಕಡಿಮೆ ಅಲ್ಲೇ ನಿಲ್ಲಿಸಿದಳು. ರಾತ್ರಿ ಆ ಪುಟ ಮತ್ತೆ ತೆರೆದು ನೋಡಿದೆ. ಕಥೆ ಅಲ್ಲಿ ನಿಂತುಬಿಟ್ಟಿತ್ತು. ಅಜ್ಜ ಮೊಮ್ಮಗನನ್ನು ಕೂರಿಸಿಕೊಂಡು ಒಂದೂವರೆ ಪುಟ ಬುದ್ಧಿ ಹೇಳುತ್ತಾನೆ. ನಾನು ಓದುವಾಗ ಅದು ಗಮನಕ್ಕೇ ಬಂದಿರಲಿಲ್ಲ. ಬುದ್ಧಿ ಹೇಳುವ ವಯಸ್ಸು ನನ್ನದು, ಕೇಳುವ ವಯಸ್ಸು ಅವರದು, ಅಲ್ವಾ?

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮಗು ಎಲ್ಲಿ ಪುಸ್ತಕ ಕೆಳಗಿಟ್ಟಿತು ಎಂದು ಗೊತ್ತಾಗುವ ತನಕ ಆ ಪುಸ್ತಕದ ಬಗ್ಗೆ ಬರೆಯುವುದಿಲ್ಲ. ಮೇಷ್ಟ್ರು, ಅಪ್ಪ ಅಮ್ಮ, ಗ್ರಂಥಾಲಯ ನೋಡಿಕೊಳ್ಳುವವರು, ಸುಮ್ನೆ ಪ್ರೀತಿಯಿಂದ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆಯುವವರು, ಯಾರು ಬೇಕಾದರೂ ಈ ಕೆಲಸ ಮಾಡಬಹುದು. ನಾನು ಮಾಡುವ ಕ್ರಮ ಹೀಗಿದೆ.

ಮೊದಲು ಹಕ್ಕುಗಳ ಪುಟ ನೋಡಿ

ಅಂಗಡಿಯಲ್ಲಿ ಹೊಳೆಯುವ ಮುಖಪುಟ ಕಂಡ ಮಾತ್ರಕ್ಕೆ ಪುಸ್ತಕ ಹೊಸದು ಎಂದುಕೊಳ್ಳಬೇಡಿ. ಶೀರ್ಷಿಕೆ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿರುತ್ತದೆ. ಮೊದಲ ಮುದ್ರಣ ಯಾವಾಗ, ಇದು ಎಷ್ಟನೇ ಮುದ್ರಣ, ಪ್ರತಿಗಳು ಎಷ್ಟು, ಪುಟ ಎಷ್ಟು, ಬೆಲೆ ಎಷ್ಟು, ಕಾಗದ ಯಾವುದು, ಎಷ್ಟು ದಪ್ಪ (‘70 ಜಿಎಸ್‌ಎಂ ಮ್ಯಾಪ್‌ಲಿಥೊ’ ಎಂಬಂತೆ), ಪುಸ್ತಕದ ಆಕಾರ ಎಷ್ಟು (‘1/8 ಡೆಮಿ’ ಎಂಬಂತೆ), ಇಷ್ಟೂ ಅಲ್ಲಿ ಸಿಗುತ್ತದೆ. ಅನುವಾದವಾಗಿದ್ದರೆ ಮೂಲ ಯಾವ ಭಾಷೆ, ಯಾವ ವರ್ಷ ಎಂದು ಹುಡುಕಿ. ಚಿತ್ರ ಬರೆದವರ ಹೆಸರು ಎಷ್ಟೋ ಸಲ ಮುಖಪುಟದಲ್ಲಿ ಇರುವುದೇ ಇಲ್ಲ. ಈ ಪುಟದ ಮೂಲೆಯಲ್ಲಿ ಇರುತ್ತದೆ. ಅದನ್ನು ಗುರುತು ಹಾಕಿಕೊಳ್ಳಿ. ಮಕ್ಕಳ ಪುಸ್ತಕದಲ್ಲಿ ಅರ್ಧ ಕಥೆ ಹೇಳುವವರು ಅವರೇ.

ಮಾಹಿತಿ ಪುಸ್ತಕವಾದರೆ ಈ ಪುಟ ಇನ್ನೂ ಮುಖ್ಯ. ಹಳೆಯ ಪುಸ್ತಕಕ್ಕೆ ಹೊಸ ರಕ್ಷಾಪುಟ ಹಾಕಿ ತಂದಿದ್ದರೆ ಒಳಗಿನ ಮಾಹಿತಿ ಹಳೆಯದೇ ಉಳಿದಿರುತ್ತದೆ. ನಾನು ಮೂರು ಕಡೆ ಬೆರಳಿಟ್ಟು ನೋಡುತ್ತೇನೆ. ಕರ್ನಾಟಕದಲ್ಲಿ 30 ಜಿಲ್ಲೆ ಎಂದಿದ್ದರೆ ಅದು 2021ಕ್ಕಿಂತ ಹಿಂದಿನ ಬರಹ, ವಿಜಯನಗರ ಸೇರಿ ಈಗ 31. ಭಾರತದಲ್ಲಿ ಚೀತಾ ಇಲ್ಲವೇ ಇಲ್ಲ ಎಂದಿದ್ದರೆ 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ಚೀತಾಗಳು ಬಂದಿದ್ದು ಸೇರಿಲ್ಲ. ಚಂದ್ರಯಾನದ ಪಾಠ ಎರಡಕ್ಕೇ ನಿಂತಿದ್ದರೆ 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ಅದರಲ್ಲಿಲ್ಲ. ಇವು ಸಣ್ಣ ತಪ್ಪು ಅನಿಸಬಹುದು. ಆದರೆ ಮಗು ಅದನ್ನೇ ನಂಬಿಕೊಂಡು ಕ್ಲಾಸಿನಲ್ಲಿ ಎದ್ದು ನಿಂತು ಹೇಳುತ್ತದೆ.

ನೀವು ಎರಡು ಸಲ ಓದಿ

ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ. ಬೆನ್ನುಡಿ, ಮುನ್ನುಡಿ ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಓದಿದರೆ ಅವರ ಮಾತು ನಮ್ಮ ಬರಹಕ್ಕೆ ಬಂದು ಕೂರುತ್ತದೆ.

ಗಟ್ಟಿಯಾಗಿ ಓದುವಾಗ ನಾಲಿಗೆ ಎಲ್ಲಿ ತೊಡರುತ್ತದೆ ಎಂದು ನೋಡಿ. ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಕಷ್ಟ ಕೊಡುವುದು ಹೊಸ ಪದಗಳಿಗಿಂತ ಜಾಸ್ತಿ ಸಂಧಿ. ‘ಕಾಡಿನಲ್ಲೊಂದು ಹಳೆಯ ಮರವಿತ್ತು’ ಎನ್ನುವುದನ್ನು ನಾವು ಸಲೀಸಾಗಿ ಓದುತ್ತೇವೆ. ಎರಡನೇ ಕ್ಲಾಸಿನ ಮಗು ‘ನಲ್ಲೊಂದು’ ಎಂಬಲ್ಲಿ ಸಿಕ್ಕಿಕೊಳ್ಳುತ್ತದೆ. ‘ಕಾಡಿನಲ್ಲಿ ಒಂದು ಹಳೆಯ ಮರ ಇತ್ತು’ ಎಂದರೆ ಅದೇ ಮಗು ಓಡುತ್ತದೆ. ಪದಗಳೆಲ್ಲ ಅವೇ. ಈಗಷ್ಟೇ ಓದು ಕಲಿಯುತ್ತಿರುವವರ ಪುಸ್ತಕದಲ್ಲಿ ಬರೆದವರು ಹೀಗೆ ಬಿಡಿಸಿ ಬರೆದಿದ್ದಾರಾ ನೋಡಿ. ಬರೆದಿದ್ದರೆ ಅದನ್ನು ನಿಮ್ಮ ವಿಮರ್ಶೆಯಲ್ಲಿ ಹೇಳಲೇಬೇಕು. ಅದು ದೊಡ್ಡ ಗುಣ.

ಒತ್ತಕ್ಷರಗಳು ಸ್ಪಷ್ಟವಾಗಿ ಅಚ್ಚಾಗಿವೆಯಾ? ಸಾಲುಗಳ ನಡುವೆ ಜಾಗ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆಯಾ? ಸಾಲಿನ ಕೊನೆಯಲ್ಲಿ ಪದ ತುಂಡಾಗಿ ಅರ್ಧ ಕೆಳಗೆ ಹೋಗಿದೆಯಾ? ಚಿತ್ರದ ಮೇಲೆ ಅಕ್ಷರ ಕೂರಿಸಿ ಓದಲು ಆಗದಂತೆ ಮಾಡಿದ್ದಾರಾ? ಇದನ್ನೆಲ್ಲ ವಿಮರ್ಶೆಗಳಲ್ಲಿ ಯಾರೂ ಬರೆಯುವುದಿಲ್ಲ. ಮಗು ಪುಸ್ತಕ ಕೆಳಗಿಡಲು ಇವೇ ಕಾರಣವಾಗಿರುತ್ತವೆ.

ಅನುವಾದದ ಪುಸ್ತಕದಲ್ಲಿ ‘ತಿನ್ನಲ್ಪಟ್ಟಿತು’, ‘ಕರೆಯಲ್ಪಟ್ಟನು’ ಥರದ ಮಾತು ಬಂದರೆ ಗುರುತು ಹಾಕಿ. ಯಾವ ಮಗುವೂ ಹಾಗೆ ಮಾತಾಡುವುದಿಲ್ಲ. ಚಿತ್ರ ಮತ್ತು ಮಾತು ಹೊಂದುತ್ತವೆಯಾ ಎಂದೂ ನೋಡಿ. ನಾನು ಕಂಡ ಒಂದು ಪುಸ್ತಕದಲ್ಲಿ ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆ ಇರುವ ಚೀತಾದ ಚಿತ್ರ ಇತ್ತು. ಕೆಳಗೆ ‘ಚಿರತೆ’ ಎಂದು ಬರೆದಿದ್ದರು. ನಮ್ಮ ಕಾಡಂಚಿನ ಊರುಗಳ ಮಕ್ಕಳಿಗೆ ಚಿರತೆ ಗೊತ್ತು. ‘ಇದು ಚಿರತೆ ಅಲ್ಲ’ ಎಂದು ಐದನೇ ಕ್ಲಾಸಿನವನೊಬ್ಬ ತಕ್ಷಣ ಹಿಡಿದ.

ಚಿತ್ರಗಳನ್ನು ಕಥೆಯಿಂದ ಬಿಡಿಸಿ ಒಮ್ಮೆ ನೋಡುವುದೂ ಒಳ್ಳೆಯದು. ಅಡುಗೆಮನೆಯಲ್ಲಿ ಯಾವಾಗಲೂ ಅಮ್ಮನೇ ಇದ್ದಾಳಾ? ಕೆಟ್ಟವರಿಗೆಲ್ಲ ಕಪ್ಪು ಬಣ್ಣ, ಒಳ್ಳೆಯವರಿಗೆಲ್ಲ ಬಿಳಿ ಬಣ್ಣ ಬಳಿದಿದ್ದಾರಾ? ಗಾಲಿಕುರ್ಚಿಯಲ್ಲಿರುವ ಮಗು ಬರೀ ಅಯ್ಯೋ ಪಾಪ ಎನ್ನಿಸಿಕೊಳ್ಳಲು ಬಂದಿದೆಯಾ, ಇಲ್ಲ ಅದಕ್ಕೂ ಹಟ, ತುಂಟತನ ಇದೆಯಾ? ಮಕ್ಕಳು ಇದನ್ನು ಬಾಯಿಬಿಟ್ಟು ಹೇಳದೇ ಇರಬಹುದು. ಆದರೆ ಮನಸ್ಸಿಗೆ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಪರೀಕ್ಷೆ ಇದೆ. ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಕಥೆ ಓದಿ. ‘ಇದರಿಂದ ನಮಗೆ ತಿಳಿಯುವುದೇನೆಂದರೆ’ ಎಂಬ ಭಾಗ ಇಲ್ಲದೆಯೂ ಕಥೆ ನಿಲ್ಲುತ್ತದಾ? ನಿಂತರೆ ಅದು ಕಥೆ. ನಿಲ್ಲದಿದ್ದರೆ ಪಾಠಕ್ಕೆ ಪ್ರಾಣಿಗಳ ವೇಷ ಹಾಕಿಸಿದ್ದಾರೆ ಎಂದು ಅರ್ಥ.

ಈಗ ಮಗುವಿನ ಕೈಗೆ ಕೊಡಿ

ಇಲ್ಲಿ ಅವಸರ ಬೇಡ. ಕನಿಷ್ಠ ಮೂರು ಮಕ್ಕಳಿಗೆ ಕೊಡಿ. ಚೆನ್ನಾಗಿ ಓದುವವರು ಒಬ್ಬರು, ತಡವರಿಸಿ ಓದುವವರು ಒಬ್ಬರು, ಪುಸ್ತಕ ಅಂದರೆ ದೂರ ಓಡುವವರು ಒಬ್ಬರು. ಮೂರನೆಯವರ ಮಾತು ನಿಮಗೆ ಎಲ್ಲರಿಗಿಂತ ಜಾಸ್ತಿ ಕಲಿಸುತ್ತದೆ.

ಪುಸ್ತಕದ ಒಳಗೆ ಒಂದು ಉದ್ದನೆಯ ಕಾಗದದ ಚೂರು ಇಡಿ. ‘ಬೇಜಾರಾದರೆ ನಿಲ್ಲಿಸು, ಪರವಾಗಿಲ್ಲ. ನಿಲ್ಲಿಸಿದ ಕಡೆ ಈ ಚೂರು ಇಟ್ಟು ವಾಪಸ್ ಕೊಡು’ ಎಂದು ಹೇಳಿ. ಇದನ್ನು ನಗುತ್ತಾ, ಮನಸ್ಸಿಟ್ಟು ಹೇಳಬೇಕು. ನಿಲ್ಲಿಸುವುದು ತಪ್ಪು ಎಂದು ಮಕ್ಕಳಿಗೆ ಶಾಲೆಯಲ್ಲಿ ಅಭ್ಯಾಸವಾಗಿರುತ್ತದೆ. ನನ್ನ ಹತ್ತಿರ ಒಂದು ಹುಡುಗಿ ಮೊದಲ ಎರಡು ತಿಂಗಳು ಎಲ್ಲ ಪುಸ್ತಕಗಳಲ್ಲೂ ಕಾಗದವನ್ನು ಕೊನೆಯ ಪುಟದಲ್ಲೇ ಇಟ್ಟು ಕೊಡುತ್ತಿದ್ದಳು. ಮೂರನೇ ತಿಂಗಳಲ್ಲಿ ಒಂದು ಪುಸ್ತಕದಲ್ಲಿ ಅದು 6ನೇ ಪುಟದಲ್ಲಿತ್ತು. ನನಗೆ ಆದ ಸಂತೋಷ ಹೇಳಲಾರೆ. ಅವಳು ನನ್ನನ್ನು ನಂಬಿದ್ದಳು.

‘ಹೇಗಿತ್ತು?’ ಎಂದು ಕೇಳಬೇಡಿ. ‘ಚೆನ್ನಾಗಿತ್ತು ಆಂಟಿ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಕೇಳಿ: ಯಾವ ಪುಟಕ್ಕೆ ಇನ್ನೊಂದ್ಸಲ ಹೋದೆ? ಎಲ್ಲಿ ಪುಟ ಹಾರಿಸಿದೆ? ಇದನ್ನ ನಿಮ್ಮ ಕ್ಲಾಸಲ್ಲಿ ಯಾರಿಗೆ ಕೊಡ್ತೀಯ, ಯಾರಿಗೆ ಕೊಡಲ್ಲ? ಈ ಕೊನೆಯ ಪ್ರಶ್ನೆಗೆ ಮಕ್ಕಳು ಬಹಳ ಯೋಚಿಸಿ ಉತ್ತರ ಕೊಡುತ್ತಾರೆ. ‘ನನ್ನ ತಮ್ಮನಿಗೆ ಕೊಡ್ತೀನಿ, ಅವನಿಗೆ ಕತ್ತಲೆ ಅಂದ್ರೆ ಭಯ’ ಎಂದು ಒಬ್ಬಳು ಹೇಳಿದ್ದಳು. ಆ ಪುಸ್ತಕದ ಬಗ್ಗೆ ನಾನು ಬರೆದ ಒಂದು ಪುಟಕ್ಕಿಂತ ಆ ಒಂದು ಮಾತು ದೊಡ್ಡದು.

ಓದಲು ಬಾರದ ಪುಟಾಣಿಗಳಿಗೆ ನೀವೇ ಓದಿ ಹೇಳಿ. ಅವರ ಕಣ್ಣು ಎಲ್ಲಿದೆ ಎಂದು ನೋಡುತ್ತಿರಿ. ನೀವು ಪುಟ ತಿರುಗಿಸುವಾಗ ಪುಟ್ಟ ಕೈ ಬಂದು ತಡೆದರೆ ಆ ಚಿತ್ರದಲ್ಲಿ ಏನೋ ಇದೆ. ಮುಗಿದ ಮೇಲೆ ‘ಮತ್ತೆ’ ಎಂದರೆ ನಿಮ್ಮ ವಿಮರ್ಶೆಯ ಮೊದಲ ಸಾಲು ಸಿಕ್ಕಿತು.

ಮಕ್ಕಳು ಹೇಳಿದ್ದನ್ನು ಬರೆಯುವಾಗ ಹೆಸರು, ಶಾಲೆ, ಫೋಟೊ ಹಾಕಬೇಡಿ. ‘ಒಂಬತ್ತು ವರ್ಷದ ಓದುಗ’ ಎಂದರೆ ಸಾಕು. ಅವರ ಮಾತನ್ನು ತಿದ್ದಬೇಡಿ.

ಹದಿಹರೆಯದವರ ಪುಸ್ತಕ ಬೇರೆ ಲೆಕ್ಕ

ಕನ್ನಡದಲ್ಲಿ ಹನ್ನೆರಡರಿಂದ ಹದಿನೇಳರ ವಯಸ್ಸಿನವರಿಗೆಂದೇ ಬರೆದ ಪುಸ್ತಕ ಕಡಿಮೆ. ಪುಟಾಣಿ ಕಥೆಗಳಿಂದ ನೇರ ದೊಡ್ಡವರ ಕಾದಂಬರಿಗೆ ಜಿಗಿಯಬೇಕು. ಹಾಗೆ ಜಿಗಿಯಲಾರದವರು ಇಂಗ್ಲಿಷಿಗೆ ಹೋಗುತ್ತಾರೆ, ಇಲ್ಲ ಓದುವುದನ್ನೇ ಬಿಡುತ್ತಾರೆ. ಆದ್ದರಿಂದ ಈ ವಯಸ್ಸಿಗೆ ಒಂದು ಒಳ್ಳೆಯ ಕನ್ನಡ ಪುಸ್ತಕ ಬಂದರೆ ಅದನ್ನು ಊರಿಗೆಲ್ಲ ಹೇಳುವುದು ನಮ್ಮ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ.

ಈ ಪುಸ್ತಕಗಳಲ್ಲಿ ಮುಟ್ಟು, ಪ್ರೀತಿ, ಜಾತಿಯ ಅವಮಾನ, ಅಪ್ಪನ ಕುಡಿತ, ಸಾವು, ಪರೀಕ್ಷೆಯ ಸೋಲು ಎಲ್ಲ ಬರುತ್ತದೆ. ಬರಬೇಕು. ಅವು ಅವರ ಬದುಕಿನಲ್ಲಿ ಈಗಾಗಲೇ ಇವೆ. ವಿಮರ್ಶೆ ಬರೆಯುವವರು ‘ಇದು ಮಕ್ಕಳಿಗೆ ತಕ್ಕದ್ದಲ್ಲ’ ಎಂದು ಬಾಗಿಲು ಹಾಕಬಾರದು. ಏನೂ ಇಲ್ಲವೆಂಬಂತೆ ಮುಚ್ಚಿಡಲೂ ಬಾರದು. ಏನಿದೆ, ಎಷ್ಟಿದೆ, ಹೇಗೆ ಬಂದಿದೆ, ಇಷ್ಟನ್ನು ನೇರವಾಗಿ ಹೇಳಿ. ‘ಕಥೆಯ ನಡುವೆ ಅಣ್ಣ ಆತ್ಮಹತ್ಯೆಗೆ ಪ್ರಯತ್ನಿಸುವ ಸಂಗತಿ ಬರುತ್ತದೆ. ವಿವರವಾಗಿ ವರ್ಣಿಸಿಲ್ಲ. ಆಮೇಲೆ ಮನೆಯವರು ಅವನ ಜೊತೆ ಹೇಗೆ ನಿಂತರು ಎನ್ನುವುದೇ ಉಳಿದ ಕಥೆ’ ಎಂದು ಬರೆದರೆ ಅಮ್ಮಂದಿರಿಗೂ ಗೊತ್ತಾಗುತ್ತದೆ, ಓದುವವರಿಗೂ. ನೋವಿನಲ್ಲಿರುವ ಪಾತ್ರಕ್ಕೆ ಮಾತಾಡಲು ಯಾರಾದರೂ ಒಬ್ಬರು ಪುಸ್ತಕದಲ್ಲಿ ಸಿಗುತ್ತಾರಾ ಎಂದು ನಾನು ಯಾವಾಗಲೂ ನೋಡುತ್ತೇನೆ. ಸಿಗದಿದ್ದರೆ ಅದನ್ನೂ ಬರೆಯುತ್ತೇನೆ. ಅಂಥ ಪುಸ್ತಕವನ್ನು ಒಂಟಿಯಾಗಿರುವ ಮಗುವಿಗೆ ಕೊಟ್ಟು ಸುಮ್ಮನಿರಬಾರದು.

ಮಾತಿನ ಧಾಟಿಯನ್ನೂ ಗಮನಿಸಿ. ಹದಿನಾಲ್ಕರ ಹುಡುಗರು ಪುಸ್ತಕದಲ್ಲಿ ‘ಗೆಳೆಯಾ, ನಾವು ಆಟವಾಡೋಣವೇ?’ ಎಂದರೆ ಓದುಗ ಮೊದಲ ಪುಟದಲ್ಲೇ ಹೊರಟುಹೋಗುತ್ತಾನೆ. ಧಾರವಾಡದ ಕಡೆಯ, ಕರಾವಳಿಯ, ಕೋಲಾರದ ಮಾತು ಹಾಗೇ ಬಂದಿದ್ದರೆ ಖಂಡಿತ ಹೇಳಿ. ಬೇರೆ ಕಡೆಯ ಮಕ್ಕಳಿಗೆ ಮೊದಲ ಹತ್ತು ಪುಟ ಕಷ್ಟವಾಗಬಹುದು, ಆಮೇಲೆ ಕಿವಿಗೆ ಕೂರುತ್ತದೆ ಎಂದೂ ಸೇರಿಸಿ.

ಈ ವಯಸ್ಸಿನವರಿಗೆ ಪುಸ್ತಕ ಕೊಡುವಾಗ ಎಲ್ಲರೆದುರು ಕೊಡಬೇಡಿ. ದೇಹದ ಬದಲಾವಣೆಯ ಪುಸ್ತಕ ಯಾರು ತೆಗೆದುಕೊಂಡರು ಎಂದು ನಾನು ರಿಜಿಸ್ಟರಿನಲ್ಲಿ ಬರೆಯುವುದೇ ಇಲ್ಲ. ಅದು ಕಪಾಟಿನ ಬದಿಯಲ್ಲಿ ಇರುತ್ತದೆ, ಹೋಗುತ್ತದೆ, ಬರುತ್ತದೆ.

ಬರೆಯುವಾಗ

ಮುನ್ನೂರು ಪದ ಸಾಕು. ಮೊದಲ ಸಾಲಿನಲ್ಲೇ ಯಾರಿಗೆ ಎಂದು ಹೇಳಿ. ‘8ರಿಂದ 10 ವರ್ಷ’ ಎನ್ನುವುದು ಅರ್ಧ ಮಾಹಿತಿ. ‘ಒತ್ತಕ್ಷರ ಬರುವ, ಆದರೆ ಉದ್ದ ಪ್ಯಾರಾ ಕಂಡರೆ ಹೆದರುವ ಮಕ್ಕಳಿಗೆ’ ಎಂದರೆ ಪೂರ್ತಿ ಮಾಹಿತಿ.

ಕಥೆಯನ್ನು ಮೂರನೇ ಒಂದು ಭಾಗದವರೆಗೆ ಮಾತ್ರ ಹೇಳಿ. ಕನ್ನಡದ ಎಷ್ಟೋ ಪುಸ್ತಕ ಪರಿಚಯಗಳಲ್ಲಿ ಕೊನೆಯವರೆಗೆ ಕಥೆ ಹೇಳಿ ‘ಸುಂದರವಾಗಿದೆ, ಎಲ್ಲರೂ ಓದಲೇಬೇಕು’ ಎಂದು ಮುಗಿಸುತ್ತಾರೆ. ಅದರಿಂದ ಓದುವವರಿಗೆ ಸಿಗುವುದು ಏನೂ ಇಲ್ಲ. ಕೆರೆಯಲ್ಲಿ ಆಮೆ ಹುಡುಕುವ ಹುಡುಗಿಯ ಕಥೆ ಎಂದುಕೊಳ್ಳಿ. ‘ಪರಿಸರ ಪ್ರಜ್ಞೆ ಮೂಡಿಸುವ ಮನೋಜ್ಞ ಕೃತಿ’ ಎಂದು ಬರೆದರೆ ಅದು ಯಾವ ಪುಸ್ತಕಕ್ಕೂ ಹೊಂದುತ್ತದೆ. ‘ಹುಡುಗಿ ಕೆರೆ ದಂಡೆಯಲ್ಲಿ ಕೂತು ಕಾಯುವ ನಾಲ್ಕು ಪುಟಗಳಲ್ಲಿ ಒಂದೇ ಒಂದು ಮಾತಿಲ್ಲ, ಬರೀ ಚಿತ್ರ. ನಮ್ಮ ಮಕ್ಕಳು ಅಲ್ಲಿ ಉಸಿರು ಬಿಗಿಹಿಡಿದು ಆಮೆ ಹುಡುಕಿದರು. ಕೊನೆಯಲ್ಲಿ ಮೇಷ್ಟ್ರ ಭಾಷಣ ಬರುತ್ತದೆ, ಅಲ್ಲಿ ಇಬ್ಬರು ಎದ್ದು ಹೋದರು’ ಎಂದು ಬರೆಯಿರಿ. ಹೊಗಳಿಕೆಯೂ ಬಂತು, ಕೊರತೆಯೂ ಬಂತು. ಎರಡಕ್ಕೂ ಸಾಕ್ಷಿ ಇದೆ.

ಕೊರತೆ ಹೇಳಲು ಹಿಂಜರಿಯಬೇಡಿ. ಆದರೆ ಬರೆದವರ ಬಗ್ಗೆ ಬೇಡ, ಪುಟದ ಬಗ್ಗೆ ಹೇಳಿ. ನಕ್ಷತ್ರ ಕೊಡುವುದು ನನಗೆ ಇಷ್ಟವಿಲ್ಲ. ಒಂದು ಮಗುವಿಗೆ ಐದು ನಕ್ಷತ್ರದ ಪುಸ್ತಕ ಪಕ್ಕದ ಮಗುವಿಗೆ ಒಂದೂ ಅಲ್ಲ.

ಕೊನೆಯಲ್ಲಿ ಲೇಖಕರು, ಚಿತ್ರ ಬರೆದವರು, ಅನುವಾದಕರು, ಪ್ರಕಾಶಕರು, ವರ್ಷ, ಪುಟ, ಬೆಲೆ, ಎಲ್ಲಿ ಸಿಗುತ್ತದೆ ಎಂದು ಬರೆಯಿರಿ. ಬೆಲೆ ಮರೆಯಬೇಡಿ. ಶಾಲೆಗೆ ಹತ್ತು ಪುಸ್ತಕ ತರುವ ಮೇಷ್ಟ್ರಿಗೆ ಅದೇ ಮೊದಲು ಬೇಕು.

ಲೇಖಕರು ಗೌರವ ಪ್ರತಿ ಕಳಿಸಿದ್ದರೆ ಒಂದು ಸಾಲಿನಲ್ಲಿ ಹೇಳಿಬಿಡಿ. ಪರಿಚಯದವರ ಪುಸ್ತಕವಾದರೆ ಅದನ್ನೂ. ಕನ್ನಡದಲ್ಲಿ ಬರೆಯುವವರು, ಓದುವವರು ಒಬ್ಬರಿಗೊಬ್ಬರು ಗೊತ್ತಿರುತ್ತಾರೆ, ಅದು ತಪ್ಪಲ್ಲ. ಒಮ್ಮೆ ನನ್ನ ವಿಮರ್ಶೆ ಓದಿ ಬರೆದವರೊಬ್ಬರು ನೊಂದುಕೊಂಡು ಫೋನ್ ಮಾಡಿದರು. ಮಕ್ಕಳು ಕಾಗದದ ಚೂರು ಇಟ್ಟ ಪುಟಗಳನ್ನು ಒಂದೊಂದಾಗಿ ಹೇಳಿದೆ. ಆಮೇಲೆ ಅರ್ಧ ಗಂಟೆ ನಾವು ಆ ಪುಟಗಳ ಬಗ್ಗೆಯೇ ಮಾತಾಡಿದೆವು.

ಯಾರಿಗೆ ಯಾವ ಪುಸ್ತಕ

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವುದು ಅದರಲ್ಲಿ ಎರಡು ಸೂತ್ರ. ಶಿಫಾರಸು ಮಾಡುವುದು ಎಂದರೆ ಈ ಎರಡನ್ನೂ ಕೂಡಿಸುವುದು.

‘ನನ್ನ ಮಗಳಿಗೆ ಹತ್ತು ವರ್ಷ, ಯಾವ ಪುಸ್ತಕ ಕೊಡಲಿ?’ ಎಂದು ಯಾರಾದರೂ ಕೇಳಿದರೆ ತಕ್ಷಣ ಹೆಸರು ಹೇಳಬೇಡಿ. ಅವಳು ಕೊನೆಯವರೆಗೆ ಓದಿದ ಪುಸ್ತಕ ಯಾವುದು? ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಶಾಲೆಯಲ್ಲಿ ಕನ್ನಡ ಎಷ್ಟನೇ ಭಾಷೆ? ರಾತ್ರಿ ಯಾರಾದರೂ ಜೊತೆಗೆ ಕೂತು ಓದುತ್ತಾರಾ? ಇದನ್ನೆಲ್ಲ ಕೇಳಿಕೊಂಡು ಆಮೇಲೆ ಹೇಳಿ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅಮೆರಿಕದಲ್ಲಿರುವ ನೆಂಟರ ಮಗನಿಗೆ ಆಗ ಹನ್ನೊಂದು ವರ್ಷ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ. ನಾನು ಪುಟಕ್ಕೆ ಒಂದು ಸಾಲಿರುವ ಪುಟಾಣಿ ಪುಸ್ತಕ ಕಳಿಸಿದೆ. ‘ಇದು ಪಾಪುಗಳ ಪುಸ್ತಕ’ ಎಂದು ಅವನು ಮುಟ್ಟಲೇ ಇಲ್ಲ. ಅವನ ಓದು ಏಳು ವರ್ಷದ್ದು, ಮನಸ್ಸು ಹನ್ನೊಂದರದ್ದು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳಲ್ಲಿ ಎಷ್ಟೋ ಜನರ ಕಥೆಯೂ ಇದೇ. ಇವರಿಗೆ ವಿಷಯ ವಯಸ್ಸಿಗೆ ತಕ್ಕ ಹಾಗಿರಬೇಕು, ವಾಕ್ಯ ಚಿಕ್ಕದಿರಬೇಕು. ಹಾವು, ಬಾಹ್ಯಾಕಾಶ, ಕ್ರಿಕೆಟ್ ಬಗೆಗಿನ ಚಿತ್ರ ತುಂಬಿದ ಮಾಹಿತಿ ಪುಸ್ತಕ, ಚಿತ್ರಕಥೆ, ಕನ್ನಡ ಇಂಗ್ಲಿಷ್ ಎರಡೂ ಇರುವ ಪುಸ್ತಕ ಇವರಿಗೆ ಹಿಡಿಸುತ್ತವೆ. ದೊಡ್ಡ ಕಥೆಯಾದರೆ ದೊಡ್ಡವರು ಗಟ್ಟಿಯಾಗಿ ಓದಲಿ, ಮಗು ಸಾಲಿನ ಮೇಲೆ ಬೆರಳಿಟ್ಟು ಬರಲಿ.

ಒಂದೇ ಪುಸ್ತಕ ಹೇಳಬೇಡಿ, ಮೂರು ಹೇಳಿ. ಒಂದು ಸುಲಭದ್ದು, ಒಂದು ಸರಿಹೊಂದುವುದು, ಒಂದು ಸ್ವಲ್ಪ ಮೇಲಿನದು. ಆಯ್ಕೆ ಮಗು ಮಾಡಲಿ. ನಾವು ಚಿಕ್ಕಂದಿನಲ್ಲಿ ಓದಿದ ಚಂದಮಾಮದ ಥರದ್ದೇ ಹುಡುಕಿ ಕೊಡುವ ಆಸೆ ನನಗೂ ಇದೆ. ಅದು ನಮ್ಮ ಬಾಲ್ಯ. ಈ ಮಕ್ಕಳಿಗೆ ಅವರದೇ ಬಾಲ್ಯದ ಪುಸ್ತಕ ಬೇಕು.

ಹೊಸ ಪುಸ್ತಕ ಎಲ್ಲಿ ಹುಡುಕುವುದು

ದುಡ್ಡಿಲ್ಲದೆ ಶುರು ಮಾಡಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣ ಇದೆ. ಕನ್ನಡದ ಸಾಕಷ್ಟು ಚಿತ್ರಪುಸ್ತಕಗಳನ್ನು ಫೋನಿನಲ್ಲೇ ಉಚಿತವಾಗಿ ಓದಬಹುದು, ಪ್ರಿಂಟ್ ತೆಗೆದುಕೊಳ್ಳಬಹುದು. ಓದಿನ ಮಟ್ಟಕ್ಕೆ ತಕ್ಕಂತೆ 4 ಹಂತ ಮಾಡಿದ್ದಾರೆ. ಅಲ್ಲಿ ಯಾರು ಬೇಕಾದರೂ ಅನುವಾದ ಮಾಡಬಹುದಾದ್ದರಿಂದ ಭಾಷೆ ಒಂದೇ ಸಮ ಇರುವುದಿಲ್ಲ. ಕೊಡುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಕಡಿಮೆ ಬೆಲೆಗೆ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆ ನೋಡಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಪಟ್ಟಿಯೂ ಹುಡುಕಾಟಕ್ಕೆ ಒಳ್ಳೆಯ ದಾರಿ. ಪ್ರಶಸ್ತಿ ಬಂದ ಪುಸ್ತಕವನ್ನೂ ಮಕ್ಕಳ ಕೈಗೆ ಕೊಟ್ಟೇ ನೋಡಿ. ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುತ್ತದೆ, ಶಾಲೆಗೆ ಕೊಳ್ಳುವವರು ಆಗ ಕೊಳ್ಳಬಹುದು.

ವಿಮರ್ಶೆ ಬರೆದಾದ ಮೇಲೆ ಪುಸ್ತಕವನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವನ್ನು ಅರಿವು ಕೇಂದ್ರ ಎನ್ನುತ್ತೇವೆ. ಅಲ್ಲಿನ ಮೇಲ್ವಿಚಾರಕರಿಗೆ ಪುಸ್ತಕ ಕೊಟ್ಟು ಎರಡು ನಿಮಿಷ ಅದರ ಬಗ್ಗೆ ಹೇಳಿ. ಒಳಗೆ ಮೊದಲು ಓದಿದ ಮಗುವಿನ ಕೈಬರಹದಲ್ಲಿ ಒಂದು ಚೀಟಿ ಇಡಿ. ಕಳೆದ ತಿಂಗಳು ನಾವು ಕೊಟ್ಟ ಪುಸ್ತಕದಲ್ಲಿದ್ದ ಚೀಟಿ ಹೀಗಿತ್ತು: ‘ಮೊದಲು ಸ್ವಲ್ಪ ಬೋರ್. 9ನೇ ಪುಟದಲ್ಲಿ ಕಳ್ಳ ಬರುತ್ತಾನೆ. ಅಲ್ಲಿವರೆಗೆ ಓದು.’